ಬೀಳುವ ಕಲ್ಲುಗಳ ಊರು

"ಬುದ್ಧಿ, ಈ ಮಠದ ಏಕಾಂತದಲ್ಲಿ ಒಂಬತ್ತು ವರ್ಷದಿಂದ ನನಗೆ ಸಿಟ್ಟು ಬಂದಿಲ್ಲ. ಈಗ ನೀವು ನನ್ನನ್ನು ಪೇಟೆಯ ಮಠದ ದಾಸೋಹ ನೋಡಿಕೊಳ್ಳಲು ಕಳಿಸುತ್ತಿದ್ದೀರಿ. ಅಲ್ಲಿ ದಿನಕ್ಕೆ ಎಂಟುನೂರು ಜನರ ಊಟ. ಅಡುಗೆಯವರ ಜಗಳ ಒಲೆ ಹೊತ್ತಿಸುವ ಮೊದಲೇ ಶುರುವಾಗುತ್ತದಂತೆ. ಸಂಪಾದಿಸಿಕೊಂಡ ಶಾಂತಿಯನ್ನು ಬೇಕೆಂದೇ ಅಪಾಯಕ್ಕೆ ಒಡ್ಡುವುದು ಏಕೆ?"

ಹೀಗೆ ಕೇಳಿದವನು ಮುರುಘೇಂದ್ರ. ಸ್ವಾಮಿಗಳ ಶಿಷ್ಯ. ಸ್ವಾಮಿಗಳು ಮಠಕ್ಕೆ ಬರುವ ಮೊದಲು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಅವರು ಅವನನ್ನು ಎದುರಿಗೆ ಕೂರಿಸಿಕೊಂಡು, ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಕತೆ ಹೇಳಿದರು.

ನೀಲಾಂಬಿಕೆ ಎಂಬ ಹುಡುಗಿಗೆ ಕಂಪ್ಯೂಟರಿನ ಒಂದು ಆಟದ ಹುಚ್ಚಿತ್ತು. ಆ ಆಟದಲ್ಲಿ ಗೆಲ್ಲುವುದು, ಸೋಲುವುದು ಇಲ್ಲ. ಒಂದು ಬಯಲಿರುತ್ತದೆ. ಚೌಕಾಕಾರದ ಕಲ್ಲು, ಮರ, ಮಣ್ಣು ಇರುತ್ತವೆ. ಮನಸ್ಸಿಗೆ ಬಂದದ್ದನ್ನು ಕಟ್ಟಬಹುದು. ನೀಲಾಂಬಿಕೆಯೂ ಅವಳ ಗೆಳೆಯ ಇಲಿಯಾಸನೂ ನಾಲ್ಕು ವರ್ಷ ಕೂಡಿ ಅಲ್ಲಿ ಒಂದು ಊರನ್ನೇ ಕಟ್ಟಿದರು. ಊರಿನ ನಡುವೆ ಅವಳದೊಂದು ಅರಮನೆ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಆಟಗಾರರು ಬರುತ್ತಿದ್ದರು, ಹೊಗಳಿ ಹೋಗುತ್ತಿದ್ದರು.

ಒಂದು ದಿನ ಹೊಸ ಗೋಡೆಗೆ ಕಲ್ಲು ಸಾಲದೆ ಅವಳು ಅರಮನೆಯ ಒಂದು ಕಂಬವನ್ನು ಕಿತ್ತಳು. ಮೇಲಿದ್ದ ಗುಮ್ಮಟ ಅಲುಗಲಿಲ್ಲ. ಇನ್ನೊಂದು ಕಂಬ ಕಿತ್ತಳು. ಕೊನೆಗೆ ಹದಿನಾರನ್ನೂ ಕಿತ್ತಳು. ಗುಮ್ಮಟ ಗಾಳಿಯಲ್ಲಿ ಹಾಗೆಯೇ ಇತ್ತು. ಆ ಆಟದಲ್ಲಿ ಇಟ್ಟ ಕಲ್ಲು ಇಟ್ಟಲ್ಲೇ ಇರುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆವತ್ತು ಅವಳಿಗೆ ನಾಚಿಕೆಯಾಯಿತು. ಇಷ್ಟು ವರ್ಷ ತಾನು ಕಟ್ಟಿದ್ದಾದರೂ ಏನು ಎಂದು ತನ್ನನ್ನೇ ಕೇಳಿಕೊಂಡಳು.

ಇಂಥ ಆಟಗಳಿಗೆ ಆಡುವವರೇ ಹೊಸ ನಿಯಮ ಬರೆದು ಸೇರಿಸಬಹುದು. ಅದನ್ನು ಮಾಡ್ ಎನ್ನುತ್ತಾರೆ. ಪ್ರತಿ ಕಲ್ಲಿಗೂ ತೂಕ ಕೊಡುವ, ಆಸರೆ ಇಲ್ಲದ್ದನ್ನು ಬೀಳಿಸುವ ಒಂದು ಮಾಡ್ ಬರೆದೇ ತೀರುತ್ತೇನೆಂದು ಅವಳು ಹಟ ಹಿಡಿದಳು. ಪ್ರೋಗ್ರಾಮ್ ಬರೆಯುವುದು ಅವಳಿಗೆ ಬರುತ್ತಿರಲಿಲ್ಲ. ಕಲಿತಳು. ಮೊದಲ ಸಲ ಇನ್ನೊಂದು ಬಯಲಿನಲ್ಲಿ ಹಾಕಿ ನೋಡಿದಾಗ ಬೆಟ್ಟಗಳೇ ಕುಸಿದವು, ಕಂಪ್ಯೂಟರ್ ಸ್ತಬ್ಧವಾಯಿತು. ಎರಡನೆಯ ಸಲ ಮರಗಳ ಕೊಂಬೆಗಳೆಲ್ಲ ಉದುರಿ ಬೋಳು ಕಾಂಡಗಳು ಉಳಿದವು. ಗೋಡೆಯಿಂದ ಕಲ್ಲು ಎಷ್ಟು ಹೊರಕ್ಕೆ ಚಾಚಬಹುದು, ಮರದ ತೊಲೆ ಎಷ್ಟು ಚಾಚಬಹುದು ಎಂದು ತನ್ನ ಭೌತಶಾಸ್ತ್ರದ ಮೇಷ್ಟರ ಮನೆಗೆ ಬಂದು ಕೇಳಿಕೊಂಡು ಹೋದಳು. ಏಳು ತಿಂಗಳು ಹಿಡಿಯಿತು. ಕೊನೆಗೆ ಬೆಟ್ಟ ನಿಂತಿತು, ಮರ ನಿಂತಿತು, ಆಸರೆ ಇಲ್ಲದ ಕಲ್ಲು ಮಾತ್ರ ಬಿತ್ತು.

"ಇದನ್ನು ನಮ್ಮ ಊರಿಗೆ ಹಾಕಿದರೆ ಮೊದಲು ಬೀಳುವುದು ನಿನ್ನ ಅರಮನೆಯೇ" ಎಂದ ಇಲಿಯಾಸ.

"ಗೊತ್ತು ಕಣೋ."

"ಹಾಗಾದರೆ ಬೇರೆ ಕಡೆ ಹೊಸದಾಗಿ ಶುರುಮಾಡು. ಇದು ಇದ್ದ ಹಾಗೇ ಇರಲಿ. ಜನ ನೋಡಲು ಬರುತ್ತಾರೆ."

"ಬಂದವರು ಹೊಗಳುತ್ತಾರೆ, ನಾನು ಅಷ್ಟಕ್ಕೇ ಹಿಗ್ಗುತ್ತೇನೆ. ಇದು ಇರುವ ತನಕ ನಾನು ಬೇರೆ ಏನನ್ನೂ ಕಟ್ಟುವುದಿಲ್ಲ."

ಇಲಿಯಾಸ ತನ್ನ ಕಟ್ಟಡಗಳ ಒಂದು ಪ್ರತಿಯನ್ನು ಬೇರೆಡೆ ತೆಗೆದಿಟ್ಟುಕೊಂಡ. ಅವಳು ತನ್ನದನ್ನು ಇಟ್ಟುಕೊಳ್ಳಲಿಲ್ಲ. ಹದಿನಾರು ಕಂಬಗಳನ್ನೂ ಮತ್ತೆ ನಿಲ್ಲಿಸಿ, ಮಾಡ್ ಹಾಕಿದಳು.

ಗುಮ್ಮಟ ಒಮ್ಮೆಗೇ ಬಿತ್ತು. ಅಷ್ಟು ಅಗಲದ ಭಾರವನ್ನು ಹೊರುವ ಶಕ್ತಿ ಕಂಬಗಳಿಗೆ ಇರಲಿಲ್ಲ. ಗೋಪುರಗಳು ಒಂದರ ಹಿಂದೆ ಒಂದು ಮಲಗಿದವು. ಎಲ್ಲ ಮುಗಿದಾಗ ಊರಿನಲ್ಲಿ ನಿಂತಿದ್ದದ್ದು ಒಂದು ದನದ ಕೊಟ್ಟಿಗೆ. ಅವಳು ಅತ್ತಳು. ಅತ್ತು, ಮುಖ ತೊಳೆದುಕೊಂಡು ಬಂದು, ಯಾವ ಕಲ್ಲು ಮೊದಲು ಜಾರಿತು ಎಂದು ರಾಶಿಯಲ್ಲಿ ಹುಡುಕತೊಡಗಿದಳು.

ಮರುದಿನ ಅಲ್ಲಿನ ಹಳ್ಳಕ್ಕೆ ಒಂದು ಕಮಾನು ಸೇತುವೆ ಕಟ್ಟಲು ಕೈಹಾಕಿದಳು. ಬಿತ್ತು. ಮತ್ತೆ ಕಟ್ಟಿದಳು, ಮತ್ತೆ ಬಿತ್ತು. ಹನ್ನೊಂದು ಸಲ ಹೀಗಾಯಿತು. ಆಮೇಲೆ ಒಂದು ಭಾನುವಾರ ತಾನು ವಾಸವಿದ್ದ ನಿಜವಾದ ಊರಿನಾಚೆಯ ಹಳೆಯ ಕಲ್ಲುಸೇತುವೆಯ ಕೆಳಗೆ ಹೋಗಿ ಬಹಳ ಹೊತ್ತು ನಿಂತಳು. ಹಿಂತಿರುಗಿ ಬಂದು ಎರಡೂ ದಡದ ಗೋಡೆಗಳನ್ನು ದಪ್ಪ ಮಾಡಿದಳು. ಮೊದಲು ಮರದ ಅಟ್ಟಣೆ ಕಟ್ಟಿ, ಅದರ ಮೇಲೆ ಕಲ್ಲು ಜೋಡಿಸಿದಳು. ಬಳಿಕ ಅಟ್ಟಣೆಯ ಮರಗಳನ್ನು ಒಂದೊಂದಾಗಿ ತೆಗೆಯುತ್ತ ಬಂದಳು. ಕೊನೆಯ ಮರವನ್ನೂ ತೆಗೆದಳು. ಕಮಾನು ನಿಂತಿತು.

ಇಲಿಯಾಸ ಬಂದು ಅದರ ಕೆಳಗೆ ನಿಂತು ನೋಡಿದ. "ಎದೆ ಡವಡವ ಎನ್ನುತ್ತದೆ ಕಣೇ. ಅರಮನೆಯಲ್ಲಿ ಎಂದೂ ಹೀಗೆ ಆಗಿರಲಿಲ್ಲ" ಎಂದ. ಆವತ್ತಿನಿಂದ ಅವನೂ ಅವಳ ಜೊತೆ ಕಲ್ಲು ಹೊತ್ತ.

ಸ್ವಾಮಿಗಳು ಕತೆ ನಿಲ್ಲಿಸಿದರು. ಮುರುಘೇಂದ್ರ ತಲೆ ತಗ್ಗಿಸಿ ಕೂತಿದ್ದ. ಪೇಟೆಗೆ ಹೋಗಲೇಬೇಕು ಎಂಬುದು ಅವನಿಗೆ ಅರ್ಥವಾಗಿತ್ತು. ಹೋಗಲು ಮನಸ್ಸನ್ನು ಗಟ್ಟಿಯೂ ಮಾಡಿಕೊಂಡಿದ್ದ. ಆದರೂ ಒಂದು ಅಳುಕು ಉಳಿದಿತ್ತು.

"ಅಲ್ಲಿ ನನ್ನ ಶಾಂತಿ ಬಿದ್ದುಹೋದರೆ, ಬುದ್ಧಿ?"

"ಅದು ಇನ್ನೂ ನಿಂತೇ ಇಲ್ಲವಲ್ಲ ಮರಿ, ಬೀಳುವುದೆಲ್ಲಿಂದ?" ಎಂದರು ಸ್ವಾಮಿಗಳು.