ಕರಿಕಡವಿನ ಎರಡನೆಯ ಕೂಗು

ಕತೆ ಹೇಳುವಾಗ ಕೇಳುವವರು ಹೂಂಗುಟ್ಟುವುದು ನಮ್ಮಲ್ಲಿ ರೂಢಿ. ಈ ಕತೆಗೆ ಮಾತ್ರ ಯಾರೂ ಹೂಂಗುಟ್ಟಬೇಡಿ. ಬೆನ್ನು ನೆಟ್ಟಗೆ ಮಾಡಿ ಕೂತು ಸುಮ್ಮನೆ ಕೇಳಿ.

ಒಂದೂರಲ್ಲಿ ಸಣ್ಣಕ್ಕ ಎಂಬ ಚಾಪೆ ನೇಯುವ ಹೆಂಗಸಿದ್ದಳು. ಅವಳಿಗೆ ಜಟ್ಟಿ ಎಂಬ ಮಗ. ಆಳು ಬಾಗಿಲೆತ್ತರ, ಮೀಸೆ ಹುಲುಸು, ಬುದ್ಧಿ ಮಾತ್ರ ಬೆಳೆಯಲು ಮರೆತಿತ್ತು. 'ಹಾಲು ಉಕ್ಕುತ್ತದಾ ನೋಡು' ಎಂದರೆ ಉಕ್ಕಿ ಒಲೆ ಆರುವ ತನಕ ನೋಡುತ್ತಿದ್ದ. 'ಬಾಗಿಲ ಮೇಲೆ ಕಣ್ಣಿಟ್ಟಿರು' ಎಂದರೆ ಬಾಗಿಲನ್ನೇ ನೋಡುತ್ತಿದ್ದ, ಕಿಟಕಿಯಿಂದ ಬೆಕ್ಕು ನುಗ್ಗಿ ಮೀನು ಹೊತ್ತೊಯ್ದರೂ. ಕೆಟ್ಟವನಲ್ಲ. ತಾಯಿ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುವವನು. ತಾಯಿಯ ಸಂಕಟವೇ ಅದು.

ಜಟ್ಟಿಯ ತಂಗಿ ಮಾದೇವಿಯನ್ನು ಹೊಳೆಯಾಚೆ ಕರಿಕಡವು ಎಂಬ ಪೇಟೆಗೆ ಕೊಟ್ಟಿದ್ದರು. ಪೇಟೆಯ ಮುಂದೆ ಹೊಳೆ, ಬೆನ್ನಿಗೆ ಕಾಡು. ಆ ಕಾಡಿನಲ್ಲಿ ನಡುಮಧ್ಯಾಹ್ನವೂ ನೆಲಕ್ಕೆ ಬಿಸಿಲು ಬೀಳುತ್ತಿರಲಿಲ್ಲ. ಮಾದೇವಿಗೆ ದಿನ ತುಂಬುತ್ತ ಬಂದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಮಳೆ ಹಿಡಿದು ಹೊಳೆ ಏರಿತೋ, ದೋಣಿ ನಿಂತುಹೋಗುತ್ತದೆ. ಸಣ್ಣಕ್ಕನಿಗೆ ಮಂಡಿನೋವು, ಅಷ್ಟು ದೂರ ನಡೆಯಲಾರಳು. ಜಟ್ಟಿಯನ್ನು ಬಿಟ್ಟರೆ ಬೇರೆ ಗತಿಯಿಲ್ಲ.

"ಮಗನೇ, ಕಡವಿಗೆ ಹೋಗಿ ಒಂದು ಕೂಗು ಹಾಕು. ಅಂಬಿಗ ಬೀರಪ್ಪ ದೋಣಿ ತರುತ್ತಾನೆ. ಆಚೆ ಹೋಗಿ ತಂಗಿಯನ್ನು ಕರೆದುಕೊಂಡು ಬಾ."

ಜಟ್ಟಿ ಹೋದ. ದಡದಲ್ಲಿ ನಿಂತು "ಕೂ" ಎಂದು ಒಂದು ಕೂಗು ಹಾಕಿದ. ಕೂಗು ನೀರಿನ ಮೇಲೆ ಹಾದು ಕಾಡಿನೊಳಗೆ ಹೋಯಿತು, ತಿರುಗಿ ಬರಲಿಲ್ಲ. ಜಟ್ಟಿ ಕೂತು ಕಾದ. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಸೋಪು ಹಚ್ಚಿದ ಬಟ್ಟೆ ಹಾಗೆಯೇ ಬಾಚಿಕೊಂಡು ಹೊರಟುಹೋದರು. ಒಂದು ಬಾಗಿಲು ಮುಚ್ಚಿತು. ಪಕ್ಕದ್ದು ಮುಚ್ಚಿತು. ಸಾಲಿಡೀ ಮುಚ್ಚಿತು. ಬೀರಪ್ಪ ದೋಣಿಯಲ್ಲೇ ಕೂತಿದ್ದ, ಇತ್ತ ತಲೆಯೆತ್ತಲಿಲ್ಲ. ಹೊತ್ತು ಇಳಿಯುವ ತನಕ ಕಾದು ಜಟ್ಟಿ ಮನೆಗೆ ಬಂದ.

"ಎಲ್ಲೋ ಮಾದೇವಿ?"

"ದೋಣಿಯೇ ಬರಲಿಲ್ಲಮ್ಮ. ಊರವರೆಲ್ಲ ಬಾಗಿಲು ಹಾಕಿಕೊಂಡರು."

"ಎಷ್ಟು ಸಲ ಕೂಗಿದೆ?"

"ನೀನು ಹೇಳಿದಷ್ಟು. ಒಂದು."

ಸಣ್ಣಕ್ಕ ಹಣೆ ಚಚ್ಚಿಕೊಂಡಳು. "ಹೆಡ್ಡ, ಕರಿಕಡವಿನಲ್ಲಿ ಒಂದು ಕೂಗಿಗೆ ಯಾರೂ ಓಗೊಡುವುದಿಲ್ಲ. ಆ ಕಾಡಿನಿಂದ ಕರೆಯುವಂಥದ್ದಕ್ಕೆ ಒಂದೇ ಸಲ ಕರೆಯಲು ಬರುತ್ತದೆ. ಮನುಷ್ಯರಾದರೆ ಎರಡನೆಯ ಸಲ ಕರೆಯುತ್ತಾರೆ. ಒಂದು ಕೂಗಿಗೆ ಬರದಿದ್ದರೆ ಇನ್ನೊಂದು ಸಲ ಕೂಗಬೇಕಪ್ಪ. ಯಾರಾದರೂ ಬರುವ ತನಕ ಕೂಗುತ್ತಲೇ ಇರಬೇಕು."

"ಸರಿ ಅಮ್ಮ. ಯಾರಾದರೂ ಬರುವ ತನಕ."

ಮರುದಿನ ಹೋದ. ಬೀರಪ್ಪ ಆಗಲೇ ಈಚೆ ದಡಕ್ಕೆ ದೋಣಿ ತಂದು ಎಲೆಯಡಿಕೆ ಹಾಕುತ್ತ ಕೂತಿದ್ದ. "ಬಾ ಮಾರಾಯ, ಹತ್ತು" ಎಂದ. ಜಟ್ಟಿ ಹತ್ತಿ ಕೂತ. ದೋಣಿ ಹೊರಟಿತು. ಜಟ್ಟಿ ಯೋಚಿಸಿದ: ಬೀರಪ್ಪ ಮೊದಲೇ ಇಲ್ಲಿದ್ದವನು, ಬಂದವನಲ್ಲ. ಹಾಗಾದರೆ ಇನ್ನೂ ಯಾರೂ ಬರಲಿಲ್ಲ. ಬಾಯಿಗೆ ಕೈಯೊಡ್ಡಿ ಕಾಡಿನ ಕಡೆ "ಕೂ" ಎಂದ. ಮತ್ತೆ "ಕೂ" ಎಂದ. ಮತ್ತೂ ಎಂದ.

"ಯಾರನ್ನು ಕರೆಯುತ್ತೀಯೋ? ನಾನು ಇಲ್ಲೇ ಇದ್ದೇನಲ್ಲ."

"ಯಾರಾದರೂ ಬರಲಿ ಅಂತ."

ಬೀರಪ್ಪನ ಕೈಯಲ್ಲಿ ಹುಟ್ಟು ನಿಂತಿತು. ಕಾಡಿನ ಹಕ್ಕಿಗಳ ಸದ್ದೂ ನಿಂತಿತು. ದೋಣಿಯ ಹಿಂಬದಿ, ಯಾರೋ ಕಾಲಿಟ್ಟು ಹತ್ತಿದ ಹಾಗೆ, ಮೆಲ್ಲಗೆ ಕುಸಿಯಿತು. ಅಲ್ಲಿ ಯಾರೂ ಇರಲಿಲ್ಲ. ಕೂರುವ ಹಲಗೆ ಮಾತ್ರ ಒದ್ದೆಯಾಗಿತ್ತು.

ಜಟ್ಟಿಗೆ ಸಮಾಧಾನವಾಯಿತು. "ಬಂದರು" ಎಂದು ಕೂಗುವುದನ್ನು ಬಿಟ್ಟ.

ಬೀರಪ್ಪ ನಡುಹೊಳೆಯಿಂದಲೇ ದೋಣಿ ತಿರುಗಿಸಿ ಜಟ್ಟಿಯನ್ನು ಈಚೆ ದಡದಲ್ಲಿ ಇಳಿಸಿದ. "ನಿನ್ನ ತಾಯಿಗೆ ಹೇಳು, ಇನ್ನು ಬಾಯಿ ಕಟ್ಟಿ ಕಳಿಸಲಿ. ಬಂದದ್ದನ್ನು ಬಂದಲ್ಲಿಗೇ ಬಿಟ್ಟು ಬರುವ ಕೆಲಸ ಈಗ ನನ್ನ ತಲೆಗೆ ಬಂತು." ಹಿಂಬದಿ ಇನ್ನೂ ಕುಸಿದೇ ಇತ್ತು. ಮುಂದಕ್ಕೆ ಕಲ್ಲು ಹೇರಿ ತೂಕ ಸರಿಮಾಡಿಕೊಂಡು, ಹಿಂದೆ ನೋಡದೆ ಹುಟ್ಟು ಹಾಕುತ್ತ ಹೋದ.

ಸಣ್ಣಕ್ಕ ಕೇಳಿ ಮಗನ ಬಾಯಿಗೆ ಕೈ ಅಡ್ಡ ಹಿಡಿದಳು. "ನಿನಗೆ ನಿನ್ನ ಬಾಯಿಯೇ ಶತ್ರು. ಇನ್ನು ಕರಿಕಡವಿನಲ್ಲಿ ಬಾಯಿ ಬಿಡಬೇಡ. ತಂಗಿಯನ್ನು ಕರೆತರುವ ತನಕ ತುಟಿ ಎರಡು ಮಾಡಬೇಡ."

"ಮಾಡುವುದಿಲ್ಲಮ್ಮ."

ಈ ಸಲ, ಈಚೆ ದಡಕ್ಕೆ ಬಂದಿದ್ದ ದೋಣಿ ಹತ್ತಿ, ತುಟಿ ಬಿಗಿದುಕೊಂಡೇ ಹೊಳೆ ದಾಟಿದ. ಬೀಗರ ಮನೆಯಲ್ಲಿ ಮಾದೇವಿಯ ಅತ್ತೆ ಮಣೆ ಹಾಕಿ ಕೂರಿಸಿ, ಬಿಸಿ ಕಡುಬು, ಮೀನು ಸಾರು ಬಡಿಸಿದಳು. ಬಾಯಿ ಬಿಡದೆ ಉಣ್ಣುವುದು ಹೇಗೆ? ಜಟ್ಟಿ ಎಲೆಯನ್ನೇ ನೋಡುತ್ತ ಕೂತ.

"ಯಾಕಪ್ಪ, ಸಾರು ಸೇರಲಿಲ್ಲವಾ?"

ಮಾತಿಲ್ಲ.

"ನಮ್ಮ ಮನೆಯ ಅನ್ನ ನಿನ್ನ ಗಂಟಲಲ್ಲಿ ಇಳಿಯುವುದಿಲ್ಲವಾ?"

ಮಾತಿಲ್ಲ.

"ಚಾಪೆ ನೇಯುವವರಿಗೆ ಇಷ್ಟು ಬಿಂಕವಾ? ಹಾಗಾದರೆ ನಮ್ಮ ಸೊಸೆಯೂ ಬರುವುದಿಲ್ಲ, ಹೋಗು."

ಬಾಗಿಲ ಹಿಂದಿನಿಂದ ಮಾದೇವಿ ಪಿಸುಗುಟ್ಟಿದಳು. "ಅಣ್ಣ, ಒಂದೇ ಒಂದು ತುತ್ತು ತಿನ್ನೋ. ಇಲ್ಲಿ ಹೆರಲು ನನಗೆ ಹೆದರಿಕೆ. ಹಿತ್ತಿಲು ದಾಟಿದರೆ ಕಾಡು. ದಿನಾ ಮಧ್ಯಾಹ್ನ ಅಲ್ಲಿಂದ ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಾರೆ. ಒಂದೇ ಸಲ." ಜಟ್ಟಿಯ ಕಣ್ಣಿನಿಂದ ನೀರು ಇಳಿದು ಮೀಸೆಗೆ ಬಂತು. ತುಟಿ ಮಾತ್ರ ಬಿಡಲಿಲ್ಲ.

ಬರಿಗೈಯಲ್ಲಿ ಬಂದ ಮಗನನ್ನು ನೋಡಿ ಸಣ್ಣಕ್ಕ ಬೈದಳು, ಅತ್ತಳು, ಮತ್ತೆ ಬೈದಳು. ಪಡುವಣ ದಿಕ್ಕು ಕಪ್ಪಾಗುತ್ತಿತ್ತು. ನೇಯ್ದು ಮುಗಿಸಿದ್ದ ಒಳ್ಳೆಯ ಚಾಪೆಯೊಂದನ್ನು ಸುರುಳಿ ಸುತ್ತಿ ಅವನ ತಲೆಯ ಮೇಲಿಟ್ಟಳು. "ಇದನ್ನು ಅತ್ತೆಗೆ ಕೊಡು. ಅವರು ಕೊಟ್ಟದ್ದು ತಿನ್ನು. ಕೇಳಿದ್ದಕ್ಕೆಲ್ಲ ಹೂಂ ಅನ್ನು. ಎದುರಾಡಬೇಡ. ತಂಗಿಯ ಕೈ ಹಿಡಿದು ನೆಟ್ಟಗೆ ಬಾ, ಹಿಂದೆ ತಿರುಗಿ ನೋಡಬೇಡ. ಇದೇ ಕೊನೆ, ಜಟ್ಟಿ. ಮಳೆ ಬಂದರೆ ನಿನ್ನ ತಂಗಿ ಅಲ್ಲೇ ಉಳಿದಳು."

ಜಟ್ಟಿ ಹೋದ. ಅತ್ತೆ ಚಾಪೆ ತೆಗೆದುಕೊಂಡಳು, ಮುಖ ಸಡಿಲಿಸಲಿಲ್ಲ.

"ಅವತ್ತು ಕೊಬ್ಬಿನಿಂದಲೇ ಉಣ್ಣಲಿಲ್ಲ ಅಲ್ಲವಾ?"

"ಹೂಂ."

"ತಪ್ಪಾಯಿತು ತಾನೇ?"

"ಹೂಂ."

"ಇನ್ನೊಂದು ಕಡುಬು ಹಾಕಲಾ?"

"ಹೂಂ."

ಪಾತ್ರೆ ಬರಿದಾಗುವ ತನಕ ಹೂಂ ಎಂದ. ಕೊನೆಗೆ ಅತ್ತೆಗೇ ನಗು ಬಂತು. "ಇವನ ಮೇಲೆ ಸಿಟ್ಟು ಮಾಡಿದರೆ ನನಗೇ ನಾಚಿಕೆ. ಮಾದೇವಿ, ಹೊರಡಮ್ಮ, ಮೋಡ ಕಟ್ಟುತ್ತಿದೆ" ಎಂದಳು.

ಹೊಳೆಯ ನಡುವೆ ಮಳೆ ಶುರುವಾಯಿತು. ಬೀರಪ್ಪ ಇಬ್ಬರನ್ನೂ ಈಚೆ ದಡಕ್ಕೆ ಇಳಿಸಿ, ಅವಸರದಲ್ಲಿ ದೋಣಿ ತಿರುಗಿಸಿ ಹೋದ. ಜಟ್ಟಿ ತಂಗಿಯ ಕೈ ಹಿಡಿದ. ದಡ ಹತ್ತುವಾಗ ಹಿಂದಿನಿಂದ, ನೀರಿನ ಅಂಚಿನಿಂದ, ಗಂಡೋ ಹೆಣ್ಣೋ ತಿಳಿಯದ ದನಿಯೊಂದು ಕೇಳಿತು.

"ನಾನೂ ಬರಲಾ?"

"ಹೂಂ" ಎಂದ ಜಟ್ಟಿ.

ಮಾದೇವಿ ನಿಂತುಬಿಟ್ಟಳು. "ಯಾರಿಗೆ ಹೂಂ ಅಂದೆ ಅಣ್ಣ?"

"ಕೇಳಿದವರಿಗೆ."

"ಯಾರು ಕೇಳಿದರು?"

"ಹಿಂದೆ ನೋಡಬಾರದಂತೆ. ಅಮ್ಮ ಹೇಳಿದ್ದಾಳೆ."

ಇಬ್ಬರೂ ನಡೆದರು. ಹಿಂದೆ ಕೆಸರಿನಲ್ಲಿ ಹೆಜ್ಜೆಯ ಸದ್ದು. ಇವರು ನಿಂತರೆ, ಒಂದು ಹೆಜ್ಜೆ ತಡವಾಗಿ, ಅದೂ ನಿಲ್ಲುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರು. ಮಗಳ ಮುಖ ನೋಡಿದ್ದೇ ಸಣ್ಣಕ್ಕ "ಏನಾಯಿತೇ?" ಎಂದಳು. "ಅಮ್ಮ, ಅಣ್ಣ ಯಾವುದಕ್ಕೋ ಹೂಂ ಅಂದಿದ್ದಾನೆ" ಎಂದಳು ಮಾದೇವಿ. ಸಣ್ಣಕ್ಕ ಇಬ್ಬರನ್ನೂ ಒಳಗೆಳೆದು ಅಗುಳಿ ಹಾಕಿದಳು. ಹಾಕಿದ್ದೇ ತಡ, ಹೊರಗಿನಿಂದ ಒಂದು ಕೂಗು ಬಂತು.

"ಮಾದೇವೀ."

ಸಣ್ಣಕ್ಕನದೇ ದನಿ. ಸಣ್ಣಕ್ಕ ಒಳಗೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ಯಾರೂ ಓಗೊಡಬೇಡಿ" ಎಂದು ಪಿಸುಗುಟ್ಟಿದಳು. "ಎರಡನೆಯ ಸಲ ಕರೆದರೆ ಮಾತ್ರ ಬಾಗಿಲು ತೆಗೆಯಬೇಕು. ಅದಕ್ಕೆ ಹಾಗೆ ಕರೆಯಲು ಬರುವುದಿಲ್ಲ. ಕಾದು ಕಾದು ಹೋಗುತ್ತದೆ. ತಿಳಿಯಿತಾ ಜಟ್ಟಿ?"

"ತಿಳಿಯಿತಮ್ಮ. ಎರಡನೆಯ ಸಲ ಕರೆದರೆ ಬಾಗಿಲು ತೆಗೆಯಬೇಕು."

ಮಾದೇವಿ ಒಳಕೋಣೆಯಲ್ಲಿ ಒರಗಿದಳು. ಅಟ್ಟದಿಂದ ಇಳಿಸಿ ತೊಳೆದ ತೊಟ್ಟಿಲು ಅಲ್ಲೇ ತೊಲೆಗೆ ಕಟ್ಟಿತ್ತು. ಸಣ್ಣಕ್ಕ ಗಂಜಿ ಬಿಸಿಮಾಡಲು ಒಲೆಯ ಮುಂದೆ ಕೂತಳು. ಜಟ್ಟಿ ಬಾಗಿಲ ಹತ್ತಿರ ಕೂತ. ಹೊರಗೆ ಮಳೆ ನಿಂತಿತ್ತು. ಆದರೂ ಹೊಸ್ತಿಲಾಚೆ ಯಾವುದರಿಂದಲೋ ನೀರು ತೊಟ್ಟಿಕ್ಕುತ್ತಿತ್ತು. ಪಾಪ, ಎಂದುಕೊಂಡ ಜಟ್ಟಿ. ತನ್ನ ಹಾಗೇ ಒಂದು ಕೂಗು ಹಾಕಿ ಕಾಯುತ್ತಿದೆ. ತನಗಾದರೆ ಬೈದು ಹೇಳಿಕೊಡಲು ಅಮ್ಮ ಇದ್ದಾಳೆ. ಅದಕ್ಕೆ ಯಾರಿದ್ದಾರೆ?

ಬಾಗಿಲ ಸಂದಿಗೆ ಬಾಯಿಟ್ಟು ಮೆಲ್ಲಗೆ ಹೇಳಿದ. "ಒಂದು ಕೂಗಿಗೆ ಯಾರೂ ಬರುವುದಿಲ್ಲ. ಇನ್ನೊಂದು ಸಲ ಕೂಗಬೇಕಪ್ಪ."

ತೊಟ್ಟಿಕ್ಕುವುದು ನಿಂತಿತು. ಆಮೇಲೆ, ಹೊಸ ಪಾಠ ಒಪ್ಪಿಸುವವರ ಹಾಗೆ, ತಡವರಿಸುತ್ತ ಬಂತು.

"ಮಾ... ದೇ... ವೀ."

ಜಟ್ಟಿ ಅಗುಳಿ ತೆಗೆದ.

ಸಣ್ಣಕ್ಕ ಗಂಜಿಯ ಬಟ್ಟಲು ಹಿಡಿದು ಬಂದಾಗ ಬಾಗಿಲು ಹಾರುಹೊಡೆದಿತ್ತು. ಸಾರಿಸಿದ ನೆಲದ ಮೇಲೆ ಒದ್ದೆ ಹೆಜ್ಜೆಗಳು ಒಳಕೋಣೆಗೆ ಹೋಗಿದ್ದವು. ತಿರುಗಿ ಬಂದ ಹೆಜ್ಜೆ ಇರಲಿಲ್ಲ. ಮಾದೇವಿ ನಿದ್ದೆ ಹೋಗಿದ್ದಳು. ಖಾಲಿ ತೊಟ್ಟಿಲು ತಾನೇ ತೂಗುತ್ತಿತ್ತು.

"ಎರಡನೆಯ ಸಲ ಕರೆಯಿತಮ್ಮ" ಎಂದ ಜಟ್ಟಿ, ಮೀಸೆಯಡಿ ನಗುತ್ತ. "ನಾನೇ ಹೇಳಿಕೊಟ್ಟೆ."

ಸಣ್ಣಕ್ಕ ಬೈಯಲು ಬಾಯಿ ತೆರೆದಳು. ಏನೆಂದು ಬೈಯುವುದು? ಮುಂದಿನ ಸಲಕ್ಕೆ ಏನೆಂದು ಬುದ್ಧಿ ಹೇಳುವುದು?

ಮಗು ಹುಟ್ಟಿತು, ಗಂಡು, ಗುಂಡುಗುಂಡಗಿದೆ. ಆ ಮನೆಯಲ್ಲಿ ತೊಟ್ಟಿಲು ತೂಗಲು ಮಾತ್ರ ಯಾರೂ ಏಳಬೇಕಾಗಿಲ್ಲ. ಕರಿಕಡವಿನವರು ಈಗ ಎರಡನೆಯ ಕೂಗಿಗೂ ಬಾಗಿಲು ತೆಗೆಯುವುದಿಲ್ಲ, ಮೂರನೆಯದಕ್ಕೆ ಕಾಯುತ್ತಾರೆ. ಜಟ್ಟಿಯನ್ನು ಹೊಳೆಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಕತೆ ಇಷ್ಟೇ. ಈಗ ಬೇಕಾದರೆ ಹೂಂ ಅನ್ನಿ. ಕೇಳಿದವರು ಯಾರು ಎಂದು ಮಾತ್ರ ಮೊದಲು ನೋಡಿಕೊಳ್ಳಿ.