ಕುರ್ಚಿ ಹೇಳಿದ ಅರ್ಥ

ಊರ ಗ್ರಂಥಾಲಯದ ಕುರ್ಚಿ ರಿಪೇರಿಗೆಂದು ಗುಮಾಸ್ತ ಶಿದ್ರಾಮಪ್ಪ ಬರೆದ ಅರ್ಜಿಯನ್ನು ಹಿಡಿದುಕೊಂಡೇ ದೊಡ್ಡ ಸಾಹೇಬರು ತಪಾಸಣೆಗೆ ಬಂದರು.

“ದಾಖಲೆದಾಗ ಕುರ್ಚಿ ಗಟ್ಟಿ ಐತಿ. ನೀ ‘ಆಕ್ಚುಯಲ್ ಸ್ಥಿತಿ ಬ್ಯಾರೆ’ ಅಂತ ಇಂಗ್ಲಿಷ್ ಬರದೀ! ಆಕ್ಚುಯಲ್ ಅಂದ್ರ ಏನು? ಅರ್ಥ ಹೇಳು. ಮೂರು ಸಮಾನಾರ್ಥಕ ಪದಾನೂ ಹೇಳು. ಇಲ್ಲಾಂದ್ರ ಅರ್ಜಿ ಹರದು ಒಗೀತೀನಿ!”

“ಹೇಳ್ತೀನ್ರಿ ಸಾಹೇಬ್ರ. ಮೊದ್ಲ ನಿಮ್ಮ ದಾಖಲೆ ನಂಬಿ ಆ ಕುರ್ಚಿ ಮ್ಯಾಲ ಕುಂದರ್ರಿ.”

ಸಾಹೇಬರು ಗತ್ತಿನಿಂದ ಕುಳಿತರು. ಕುರ್ಚಿಯ ಕಾಲು ಲಟಕ್ಕನೆ ಮುರಿಯಿತು.

“ಅಯ್ಯೋ! ಯವ್ವಾ! ಸತ್ತೆ!”

ಶಿದ್ರಾಮಪ್ಪ ಕೈಹಿಡಿದು ಎಬ್ಬಿಸಿದ. “ಅರ್ಥ ಕುರ್ಚಿ ಹೇಳಿತ್ರಿ. ಮೂರು ಸಮಾನಾರ್ಥಕ ಪದ ನೀವ ಹೇಳಿದ್ರಿ. ಇನ್ನ ಸಹಿ ಒಂದ ಬಾಕಿ.”

ಸಾಹೇಬರು ಸೊಂಟ ನೀವಿಕೊಳ್ಳುತ್ತ ನಕ್ಕುಬಿಟ್ಟರು. ಶಿದ್ರಾಮಪ್ಪ ಇನ್ನೊಂದು ಕುರ್ಚಿ ಎಳೆದ.

“ಬ್ಯಾಡಪ್ಪಾ,” ಎಂದವರೇ ನಿಂತುಕೊಂಡೇ ಸಹಿ ಹಾಕಿದರು.