ತಿರಕಪ್ಪನ ವಾಯುದಾಳಿ

ವಾಯುಸೇನೆಯ ಹಿರಿಯ ಅಧಿಕಾರಿಗಳಿಗೆ ಯುದ್ಧತಂತ್ರ ಕಲಿಸುವ ಕಾಲೇಜೊಂದಿತ್ತು. ಅದರ ಮೆಸ್ಸಿನ ಅಡುಗೆಯವನು ಹಾವೇರಿಯ ತಿರಕಪ್ಪ. ಕಮಾಂಡೆಂಟ್ ಸಾಹೇಬರು ಪಾಠಕ್ಕೆ ನಿಂತರೆ ಊಟದ ಹೊತ್ತು ಮೀರಿದರೂ ಬಾಯಿ ಮುಚ್ಚುತ್ತಿರಲಿಲ್ಲ. ಸಾರು ಆರಿದರೆ ಬೈಗುಳ ಮಾತ್ರ ತಿರಕಪ್ಪನಿಗೆ.

“ನಾಳೆಯೂ ತಣ್ಣನೆಯ ಸಾರು ಬಡಿಸಿದರೆ ಗಂಟುಮೂಟೆ ಕಟ್ಟು,” ಎಂದರು ಸಾಹೇಬರು.

“ಪಾಠ ಸ್ವಲ್ಪ ಲಗೂ ಮುಗಿಸಿದ್ರ, ಸಾಹೇಬ್ರ...”

“ನನ್ನ ತರಗತಿಯ ಹೊಸ್ತಿಲು ತುಳಿದು ಪಾಠ ನಿಲ್ಲಿಸುವ ಗಂಡು ಇನ್ನೂ ಹುಟ್ಟಿಲ್ಲ!”

ಮರುದಿನ ತಿರಕಪ್ಪ ಹೊಸ್ತಿಲು ತುಳಿಯಲಿಲ್ಲ. ಗಾಳಿ ಬೀಸುವ ದಿಕ್ಕು ನೋಡಿ, ತರಗತಿಯ ಕಿಟಕಿಯಾಚೆ ಒಲೆ ಹೂಡಿದ. ಊಟದ ಹೊತ್ತಾಗುತ್ತಲೇ ಕಾದ ತುಪ್ಪಕ್ಕೆ ಸಾಸಿವೆ, ಇಂಗು, ಕರಿಬೇವು ಸುರಿದ. ಚೊಂಯ್!

ಒಳಗೆ ಸಾಹೇಬರು, “ನೆಲಕ್ಕೆ ಕಾಲಿಡದೆ, ಗಾಳಿಯಿಂದಲೇ ಶತ್ರುವನ್ನು ಮಣಿಸುವುದು...” ಎನ್ನುತ್ತಿದ್ದರು. ಮಾತು ಅಲ್ಲಿಗೇ ನಿಂತಿತು. ಮುಂದಿನ ಸಾಲಿನಲ್ಲಿ ಯಾರದೋ ಹೊಟ್ಟೆ ಗುರ್ರೆಂದಿತು. ಹಿಂದಿನ ಸಾಲು ಆಗಲೇ ಖಾಲಿ! ಸಾಹೇಬರು ಗುಟುಕ್ಕನೆ ಜೊಲ್ಲು ನುಂಗಿ ಕಿಟಕಿಯಾಚೆ ತಲೆ ಹಾಕಿದರು.

“ಏನೋ ಇದು, ತಿರಕಪ್ಪಾ?”

“ನಿಮ್ಮ ಪಾಠಾನ ರೀ, ಸಾಹೇಬ್ರ. ನಿಮ್ಮ ನೆಲದ ಮ್ಯಾಲ ನಾ ಕಾಲಿಟ್ಟೇನೇನ್ರೀ?”

ಸಾಹೇಬರ ಮೀಸೆಯಡಿ ನಗು ಒಡೆಯಿತು. “ಸೋತೆನಪ್ಪಾ. ಸಂಧಿಯ ಷರತ್ತೇನು?”

“ಸಾರು ಬಿಸಿ ಇದ್ದಾಗ ಬರ್ರಿ. ಅಷ್ಟ!”